ತಲೆಯೊಳಗಿನ ಸವತಿ

ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿ, ಊರು ಇನ್ನೇನು ಮುಗಿಯಿತು ಅನ್ನುವಾಗ ಒಂದು ಹಿಟ್ಟಿನ ಮಿಲ್ಲು ಸಿಗುತ್ತದೆ. ಅದಕ್ಕೆ ಅಂಟಿಕೊಂಡ ಮನೆಯ ಜಗಲಿಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡು ಕೂತಿರುವವಳು ರತ್ನ. ಮಿಲ್ಲು ಅವಳ ಗಂಡ ಚಿನ್ನಸ್ವಾಮಿಯದು. ಅವನದು ಅಲ್ಲಿ ಗಡಗಡ, ಇವಳದು ಇಲ್ಲಿ ಟಕಟಕ. ಇಬ್ಬರೂ ಮಾತಾಡಬೇಕೆಂದರೆ ಕರೆಂಟು ಹೋಗಬೇಕು. ರತ್ನ ಹೊಲಿದ ಬ್ಲೌಸಿನಲ್ಲಿ ಒಂದು ಸುಕ್ಕು ಬೀಳುವುದಿಲ್ಲ, ಸೀರೆಗೆ ಅವಳು ಕಟ್ಟಿದ ಕುಚ್ಚನ್ನು ಕೊಳ್ಳೇಗಾಲದವರೂ ತಿರುಗಿ ನೋಡುತ್ತಾರೆ. ಬಾಯಿ ಮಾತ್ರ ಸ್ವಲ್ಪ ಜೋರು. ಕೆಲಸ ಚೆನ್ನಾಗಿರುವವರ ಬಾಯಿಯನ್ನು ಊರು ಸಹಿಸಿಕೊಳ್ಳುತ್ತದೆ.

ಊರು ಸಹಿಸಿಕೊಂಡು ಹಿಂದಿನಿಂದ ನಗುತ್ತಿದ್ದ ಇನ್ನೊಂದು ಸಂಗತಿ ಅವಳ ಹೊಟ್ಟೆಕಿಚ್ಚು. ಅದೂ ಬದುಕಿರುವವರ ಮೇಲಲ್ಲ, ಸತ್ತವಳ ಮೇಲೆ. ಚಿನ್ನಸ್ವಾಮಿಗೆ ರತ್ನ ಎರಡನೆಯ ಹೆಂಡತಿ. ಮೊದಲನೆಯವಳು ಸೋಮಮ್ಮ, ಪಾಲಾರ್ ಕಡೆಯ ಹುಡುಗಿ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಕಾಮಾಲೆಯಲ್ಲಿ ಹೋದಳು. ಆಗ ಅವಳಿಗೆ ಇಪ್ಪತ್ತು ವಯಸ್ಸು. ಮದುವೆ ಬೆಟ್ಟದ ಮೇಲೆ ಮಾದಪ್ಪನ ಮುಂದೆ ನಾಲ್ಕು ಜನರ ಎದುರಿಗೆ ಆದದ್ದು. ಇದ್ದ ಒಂದೇ ಒಂದು ಫೋಟೊವನ್ನು ತವರುಮನೆಯ ಗೋಡೆಯಲ್ಲಿ ಗೆದ್ದಲು ತಿಂದುಹಾಕಿತ್ತು. ಹಾಗಾಗಿ ರತ್ನ ತನ್ನ ಸವತಿಯ ಮುಖವನ್ನು ಒಂದು ಸಲವೂ ಕಂಡವಳಲ್ಲ.

ಕಾಣದ ಸವತಿಯ ಮೇಲೆ ಇಪ್ಪತ್ತು ವರ್ಷ ಕಿಚ್ಚು ಉಳಿಸಿಕೊಳ್ಳುವುದು ಸುಲಭದ ಕೆಲಸವಲ್ಲ. ಅದಕ್ಕೆ ವರ್ಷ ವರ್ಷ ಸೌದೆ ಹಾಕುತ್ತಿದ್ದವನು ಚಿನ್ನಸ್ವಾಮಿಯೇ. ಮಾರ್ನಮಿಯಲ್ಲಿ ಹಿರಿಯರಿಗೆ ಎಡೆ ಇಡುವ ದಿನ ಬಂದರೆ ಅವನು ಕೊಳ್ಳೇಗಾಲಕ್ಕೆ ಹೋಗಿ ಒಂದು ಹೊಸ ಸೀರೆ ತರುತ್ತಾನೆ. ಮಣೆಯ ಮೇಲೆ ಕಲಶ ಇಟ್ಟು, ಕಲಶಕ್ಕೆ ಆ ಸೀರೆ ಉಡಿಸಿ, ಬಳೆ ಹೂವು ಅರಿಶಿನ ಕುಂಕುಮ ಇಟ್ಟು, ಮುತ್ತೈದೆಯಾಗಿ ಹೋದವಳಿಗೆ ಎಲೆ ತುಂಬ ಬಡಿಸುತ್ತಾರೆ. ಆಮೇಲೆ ಮನೆಯವರೆಲ್ಲ ಆಚೆ ಬಂದು ಬಾಗಿಲು ಹಾಕಿಕೊಂಡು ಕೂರಬೇಕು, ಸತ್ತವರು ಬಂದು ಉಂಡು ಹೋಗಲಿ ಎಂದು. ಎಡೆ ತೆಗೆದ ಮೇಲೆ ಸೀರೆ ಮನೆಯ ಹೆಂಗಸಿಗೆ, ಅಂದರೆ ರತ್ನನಿಗೆ. ಅವಳ ಪೆಟ್ಟಿಗೆಯಲ್ಲಿರುವ ಒಳ್ಳೆಯ ಸೀರೆಗಳೆಲ್ಲ ಮೊದಲು ಸೋಮಮ್ಮ ಉಟ್ಟು ಬಿಟ್ಟವು. ಸೀರೆ ಆರಿಸುವಾಗ ಚಿನ್ನಸ್ವಾಮಿ ಅಂಗಡಿಯಲ್ಲಿ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದ. "ಇದು ಅವಳಿಗೆ ಒಪ್ತದೆ" ಎನ್ನುತ್ತಿದ್ದ. ಪಕ್ಕದಲ್ಲಿ ನಿಂತವಳಿಗೆ ಒಪ್ಪುತ್ತದೋ ಇಲ್ಲವೋ ಕೇಳಿದವನಲ್ಲ.

ಕೆಟ್ಟವನೇನಲ್ಲ. ಕುಡಿಯುವುದಿಲ್ಲ, ಕೈ ಎತ್ತಿಲ್ಲ, ನಂಜನಗೂಡಿನಲ್ಲಿ ನರ್ಸಿಂಗ್ ಓದುತ್ತಿರುವ ಮಗಳು ನಾಗಶ್ರೀ ಎಂದರೆ ಪ್ರಾಣ. ಆದರೆ ಬಾಯಿಗೆ ಬಾಗಿಲಿಲ್ಲದ ಮನುಷ್ಯ. ಮದುವೆಯಾದ ಹೊಸತರಲ್ಲಿ ಉಣ್ಣಲು ಕೂತರೆ, "ಸೋಮಿ ಊಟಕ್ಕೆ ಮುಂಚೆ ಒಂದು ಕಲ್ಲುಪ್ಪ ನಾಲಗೆಗೆ ಇಟ್ಕಳಳು" ಎನ್ನುವನು. ಬೆಟ್ಟದ ಬಸ್ಸು ಹತ್ತಿದರೆ, "ತಿರುವಲ್ಲಿ ಅವಳಿಗೆ ವಾಂತಿ, ನಿಂಬೆಹಣ್ಣ ಮೂಸ್ಕಂಡೇ ಕೂರಳು" ಎನ್ನುವನು. ರತ್ನ ಹೂಂ ಅನ್ನುತ್ತಿರಲಿಲ್ಲ, ಉಹೂಂ ಅನ್ನುತ್ತಿರಲಿಲ್ಲ. ಮಾತು ಮಾತ್ರ ಒಳಗೆ ಹೋಗಿ ಕೂರುತ್ತಿತ್ತು. ಬೇಡವಾದದ್ದನ್ನು ಮರೆಯುವ ವಿದ್ಯೆ ಹೊಟ್ಟೆಕಿಚ್ಚಿಗೆ ಬರುವುದಿಲ್ಲ. ಕೊನೆಗೆ ಚಿನ್ನಸ್ವಾಮಿಯೇ ಹೇಳಿ ಮರೆತ ಎಷ್ಟೋ ಸಂಗತಿಗಳು ರತ್ನನ ಹತ್ತಿರ ಭದ್ರವಾಗಿದ್ದವು. ಸೋಮಮ್ಮನ ಬಗ್ಗೆ ಏನಾದರೂ ಮರೆತರೆ ಅವನು ಇವಳನ್ನೇ ಕೇಳುತ್ತಿದ್ದ. ಇದಕ್ಕಿಂತ ಅವಮಾನ ಬೇಕೆ?

ಇಷ್ಟಾದರೂ ಕಿಚ್ಚು ಹೊಗೆಯಾಡುತ್ತಿತ್ತೇ ಹೊರತು ಉರಿದಿರಲಿಲ್ಲ. ಅದು ಭಗ್ಗೆಂದು ಹೊತ್ತಿಕೊಂಡದ್ದು ಹೋದ ವರ್ಷ, ಎದುರು ಮನೆಯ ಕೋಮಲ ಬ್ಲೌಸ್ ಬಟ್ಟೆ ತಂದ ದಿನ. ಕೋಮಲನ ತಾಯಿ ತೀರಿಹೋಗಿ ಆರು ತಿಂಗಳಾಗಿತ್ತು. ಬಟ್ಟೆಯನ್ನು ಮಡಿಲಲ್ಲಿ ಹರವಿಕೊಂಡು ಕೋಮಲ ಮೂಗು ಒರೆಸಿಕೊಂಡಳು.

"ನಮ್ಮವ್ವ ಇದೇ ಬಣ್ಣದ ಸೀರೆ ಉಟ್ಕಂಡು ಒಲೆ ಮುಂದೆ ಕೂತಿರದು ಈಗ್ಲೂ ಕಣ್ಗೆ ಕಟ್ದಂಗದೆ ಕಣಕ್ಕಾ."

"ಎಲ್ರೂ ಅಂಗೇ ಅಂತರೆ ಬುಡು," ಎಂದಳು ರತ್ನ. "ಮಾತಿಗೆ ಅನ್ನದು."

"ಮಾತಿಗಲ್ಲ ಕಣಕ್ಕಾ. ಕಣ್ ಮುಚ್ಚುದ್ರೆ ಸಾಕು, ನಿಜ್ವಾಗ್ಲೂ ಕಾಣ್ತಳೆ. ಸೀರೆ, ಬಳೆ, ಕೈಲಿರ ಊದುಗೊಳವೆ, ಎಲ್ಲಾನುವೆ. ಯಾಕೆ, ನಿನಗೆ ನಿಮ್ಮಪ್ಪ ಕಾಣಕಿಲ್ವಾ?"

ರತ್ನ ಕತ್ತರಿ ಕೆಳಗಿಟ್ಟು ಕಣ್ಣು ಮುಚ್ಚಿದಳು. ಕತ್ತಲೆ. ಹುಟ್ಟಿದಾಗಿನಿಂದ ರೆಪ್ಪೆಯ ಹಿಂದೆ ಇದ್ದ ಅದೇ ಕತ್ತಲೆ. ಯಳಂದೂರಿನಲ್ಲಿ ಸೈಕಲ್ ಶಾಪ್ ಇಟ್ಟಿದ್ದ ಅಪ್ಪ ಅವಳಿಗೆ ಚೆನ್ನಾಗಿ ಗೊತ್ತು. ಕಪ್ಪಗಿದ್ದ, ಎತ್ತರಕ್ಕಿದ್ದ, ಬಲಗಿವಿಯ ಮೇಲೆ ಬೀಡಿ ಸಿಗಿಸುತ್ತಿದ್ದ. ಎಲ್ಲ ಗೊತ್ತು, ಕೇಳಿದರೆ ಹೇಳುತ್ತಾಳೆ. ಎದುರಿಗೆ ಬಂದರೆ ನೂರು ಜನರ ನಡುವೆ ಗುರುತಿಸುತ್ತಾಳೆ. ಆದರೆ ಕಾಣುವುದು ಎಂದರೇನು? ಎದುರಿಗೆ ಇಲ್ಲದ ಮನುಷ್ಯ ಕಾಣುವುದಾದರೂ ಹೇಗೆ?

ಕೋಮಲ ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡು ರತ್ನ ಸಿಕ್ಕಸಿಕ್ಕವರನ್ನೆಲ್ಲ ಕೇಳಿದಳು. ಫೋನಿನಲ್ಲಿ ಮಗಳನ್ನು ಕೇಳಿದಳು. "ಅಯ್ಯೋ ಎಲ್ಲಾರ್ಗೂ ಕಾಣುತ್ತಲ್ವ ಅಮ್ಮ, ನಿನಗೆ ಕಾಣಲ್ವಾ?" ಎಂದು ಮಗಳು ಗಾಬರಿಯಾದಳು. ಹಾಲು ಹಾಕುವ ಶಿವಯ್ಯನನ್ನು ಕೇಳಿದಳು. ಅವನಿಗೆ ಯಾವಾಗಲೋ ಸತ್ತ ಹಸು ಕೊಂಬಿನ ಸಮೇತ ಕಾಣುತ್ತದಂತೆ. ಬಾಲ ಬೀಸುವುದೂ ಕಾಣುತ್ತದಂತೆ. ಹಸು ಸತ್ತವನಿಗೆ ಹಸು ಕಾಣುತ್ತದೆ, ಅಪ್ಪ ಸತ್ತವಳಿಗೆ ಅಪ್ಪ ಕಾಣುವುದಿಲ್ಲ! ಲೋಕದವರೆಲ್ಲ ತಮ್ಮ ತಮ್ಮ ಸತ್ತವರನ್ನು ತಲೆಯೊಳಗೆ ಇಟ್ಟುಕೊಂಡು ಓಡಾಡುತ್ತಿದ್ದಾರೆ, ತನ್ನ ಅಪ್ಪ ಮಾತ್ರ ಪೂರಾ ಸತ್ತಿದ್ದಾನೆ. ಆ ವಾರ ಯಾರು ಜಗಲಿಗೆ ಬಂದು ಸುಮ್ಮನೆ ಕಣ್ಣು ಮುಚ್ಚಿದರೂ ರತ್ನನಿಗೆ ಮೈ ಉರಿಯುತ್ತಿತ್ತು.

ಅಷ್ಟರಲ್ಲಿ ಅವಳಿಗೆ ಗಂಡ ನೆನಪಾದ.

ಸೀರೆ ಅಂಗಡಿಯಲ್ಲಿ ಕಣ್ಣು ಮುಚ್ಚುವವನು. ಎಡೆಯ ಮುಂದೆ ಕಣ್ಣು ಮುಚ್ಚಿ ತುಟಿಯ ತುದಿಯಲ್ಲಿ ಸಣ್ಣಗೆ ನಗುವವನು. ಮಿಲ್ಲಿನಲ್ಲಿ ಗಿರಾಕಿ ಇಲ್ಲದಾಗ ಮೂಟೆಗೆ ಒರಗಿ ಕಣ್ಣು ಮುಚ್ಚುವವನು. ಇಷ್ಟು ದಿನ ಅದು ಭಕ್ತಿ, ಇಲ್ಲದಿದ್ದರೆ ನಿದ್ದೆ ಎಂದುಕೊಂಡಿದ್ದಳು. ಈಗ ಗೊತ್ತಾಯಿತು. ಆ ಹೊತ್ತಿನಲ್ಲೆಲ್ಲ ಅವನು ಅವಳನ್ನು ನೋಡುತ್ತಿದ್ದ. ಇಪ್ಪತ್ತು ವರ್ಷದ ಹುಡುಗಿಯನ್ನು. ಒಂದು ಕೂದಲು ನರೆಯದವಳನ್ನು, ಸೊಂಟ ಹಿಡಿಯದವಳನ್ನು, ಅಕ್ಕಿ ಮುಗಿದಿದೆ ಅನ್ನದವಳನ್ನು. ಮನೆಗೆ ಬಂದ ಸವತಿಯನ್ನಾದರೆ ಜುಟ್ಟು ಹಿಡಿದು ಆಚೆ ಹಾಕಬಹುದು. ತಲೆಯೊಳಗೆ ಕೂತವಳನ್ನು ಯಾವ ಬಾಗಿಲಿನಿಂದ ಹೊರಡಿಸುವುದು?

ಮಧ್ಯಾಹ್ನ ಊಟಕ್ಕೆ ಬಂದವನಿಗೆ ಮುದ್ದೆ ಬಡಿಸುತ್ತಲೇ ಕೇಳಿದಳು. "ಸೋಮಮ್ಮ ಕಾಣ್ತಳಾ ನಿಮಗೆ? ಕಣ್ ಮುಚ್ಚುದ್ರೆ?"

"ಹೂಂ ಕಣಮ್ಮಿ," ಎಂದ ಅವನು ಸಂಕೋಚವಿಲ್ಲದೆ. ರೆಪ್ಪೆಯ ಮೇಲೆ ಹಿಟ್ಟಿತ್ತು. "ಬಾಗಿಲ ಚೌಕಟ್ಟಿಗೆ ಒರಗಿ ನಿಂತವಳೆ. ಒಂದು ಕಾಲ ಮಡಚ್ಕಂಡು."

"ನಾನು?"

"ನೀನಿಲ್ಲೇ ಇದ್ದೀಯಲ್ಲ."

"ಇಲ್ದೆ ಇದ್ದಾಗ. ಕಣ್ ಮುಚ್ಚಿ ನೋಡಿ, ನೋಡವ."

ಅವನು ಮುದ್ದೆ ಬಿಟ್ಟು ಕಣ್ಣು ಮುಚ್ಚಿದ. ರತ್ನ ಸೌಟು ಹಿಡಿದುಕೊಂಡೇ ಕಾದಳು. ಮದುವೆಯ ದಿನ ಹಸೆಮಣೆಯ ಮೇಲೆ ಕೂತಾಗಲೂ ಅವಳ ಎದೆ ಹೀಗೆ ಹೊಡೆದುಕೊಂಡಿರಲಿಲ್ಲ.

"ಕಾಣ್ತಿದ್ದೀ ಕಾಣ್ತಿದ್ದೀ," ಎಂದ ಅವನು ಸಂತೋಷವಾಗಿ. "ಮಿಷನ್ ಮುಂದೆ ಕೂತಿದ್ದೀಯ. ಬೆನ್ನು ಕಾಣ್ತದೆ."

ಬೆನ್ನು! ಅವಳಿಗೆ ಮುಖ, ಇವಳಿಗೆ ಬೆನ್ನು. ರತ್ನ ಸಾರಿನ ಪಾತ್ರೆಯನ್ನು ಅವನ ಮುಂದೆ ಕುಕ್ಕಿ ಒಳಗೆ ಹೋದಳು. ಪಾಪದವನು, ತಾನು ಆಡಿದ್ದರಲ್ಲಿ ಏನು ತಪ್ಪು ಎಂದು ತಿಳಿಯದೆ ಉಳಿದ ಮುದ್ದೆ ಉಂಡು ಎದ್ದುಹೋದ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಂಥ ಉಪಾಯವೊಂದು ರತ್ನನಿಗೆ ಹೊಳೆಯಿತು. ತಲೆಯೊಳಗಿನ ಚಿತ್ರವನ್ನು ಅವಳು ಕಂಡವಳಲ್ಲವಲ್ಲ. ಅದು ಪೆಟ್ಟಿಗೆಯಲ್ಲಿಟ್ಟ ಪಟದ ಹಾಗೆ ಇರಬೇಕು ಎಂದು ಲೆಕ್ಕ ಹಾಕಿದಳು. ಪಟವನ್ನು ತೆಗೆದು ಗೋಡೆಗೆ ಹಾಕಿದರೆ ಪೆಟ್ಟಿಗೆ ಖಾಲಿ. ಗೋಡೆಯ ಮೇಲಿನ ಸವತಿಯನ್ನು ಹೇಗೋ ಸಹಿಸಬಹುದು. ಹಾರ ಹಾಕಿ, ಧೂಳು ಒರೆಸಿ, ಬೆನ್ನು ತಿರುಗಿಸಿ ಕೂರಬಹುದು. ಮಾರ್ನಮಿಗೆ ಇನ್ನೂ ತಿಂಗಳಿತ್ತು. ಗಂಡನ ಹತ್ತಿರ ಹೋಗಿ ಜೇನಿನಂಥ ದನಿಯಲ್ಲಿ ಹೇಳಿದಳು. "ಎಲ್ಲಾರ ಮನೇಲೂ ಹಿರೀಕರ ಫೋಟೊ ಅವೆ. ನಮ್ಮನೇಲಿ ಬರೀ ಚೊಂಬು. ಸೋಮಕ್ಕಂದೊಂದು ಫೋಟೊ ಮಾಡುಸ್ಬೇಕು ಕಣ್ರಿ."

ಸೋಮಕ್ಕ ಎಂಬ ಮಾತು ಕೇಳಿಯೇ ಚಿನ್ನಸ್ವಾಮಿಯ ಕಣ್ಣು ತುಂಬಿತು. ಇಂಥ ಹೆಂಡತಿಯನ್ನು ಪಡೆಯಲು ತಾನು ಪುಣ್ಯ ಮಾಡಿದ್ದೆ ಎಂದು ಆವತ್ತು ಮಿಲ್ಲಿಗೆ ಬಂದವರಿಗೆಲ್ಲ ಹೇಳಿದ.

ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹಿಂದೆ ಗುರುಪ್ರಕಾಶನ ಸ್ಟುಡಿಯೊ ಇದೆ. ಸತ್ತವರ ಫೋಟೊ ಮಾಡುವುದರಲ್ಲಿ ಅವನದು ಎತ್ತಿದ ಕೈ. ಹರಿದ ಫೋಟೊ ಕೊಟ್ಟರೆ ಕೂಡಿಸುತ್ತಾನೆ, ಹೆಣದ ಫೋಟೊ ಕೊಟ್ಟರೆ ಕಣ್ಣು ಬಿಡಿಸುತ್ತಾನೆ, ಬರಿ ಮೈಯ ಅಜ್ಜನಿಗೆ ಕೋಟು ತೊಡಿಸುತ್ತಾನೆ. ಫೋಟೊವೇ ಇಲ್ಲದವರಿಗೂ ಅವನಲ್ಲಿ ದಾರಿಯಿತ್ತು. ಕಂಪ್ಯೂಟರಿನಲ್ಲಿ ನೂರಾರು ಹೆಂಗಸರ ಮುಖ ಇಟ್ಟುಕೊಂಡಿದ್ದ. ಒಬ್ಬಳ ಹಣೆ, ಇನ್ನೊಬ್ಬಳ ಗಲ್ಲ ತೆಗೆದು ಹೊಂದಿಸುತ್ತಾ ಹೋಗುವುದು, ಮನೆಯವರು ಸಾಕು ಅಂದಲ್ಲಿ ನಿಲ್ಲಿಸುವುದು.

"ಯೇಳಿ ಯಜಮಾನ್ರೆ," ಎಂದ ಗುರುಪ್ರಕಾಶ್. "ಹಣೆ ಎಂಗಿತ್ತು? ಅಗಲವಾ, ಕಿರಿದಾ?"

ಚಿನ್ನಸ್ವಾಮಿ ಕಣ್ಣು ಮುಚ್ಚಿದ, ತೆರೆದ. "ಹಣೆ... ಹಣೆ ತರಾನೇ ಇತ್ತು ಸಾ."

"ಮೂಗು?"

"ಮುಖ ಕಾಣ್ತದೆ ಸಾ. ಮೂಗು ಅಂತ ನೋಡಕೋದ್ರೆ ಮುಖ ಓಯ್ತದೆ."

ಹೀಗೇ ನಡೆಯಿತು. ಇಡಿಯಾಗಿ ಬಂದು ನಿಲ್ಲುತ್ತಿದ್ದವಳನ್ನು ಬಿಡಿಬಿಡಿಯಾಗಿ ಕೇಳಿದರೆ ಅವನಿಗೆ ಏನೂ ಹೇಳಲು ಆಗುತ್ತಿರಲಿಲ್ಲ. ಪರದೆಯ ಮೇಲೆ ಊರೂರಿನ ಹೆಂಗಸರ ಮೂಗುಗಳು ಸಾಲಾಗಿ ಬಂದವು. ಅವನು ಬೆವರಿದ. ಕೊನೆಗೆ ಪ್ರತಿ ಸಲದಂತೆ ಹೆಂಡತಿಯ ಕಡೆ ತಿರುಗಿದ. "ನಿನಗೆ ಜ್ಞಾಪಕ ಅದಲ್ಲಮ್ಮಿ, ನಾನು ಯೇಳಿರದೆಲ್ಲಾ. ಮೂಗು ಎಂಗಿತ್ತು ಅಂದಿದ್ದೆ?"

ರತ್ನನಿಗೆ ಗೊತ್ತಿತ್ತು. ಸಣ್ಣ ಮೂಗು, ತುದಿ ಕೊಂಚ ಮೇಲೆ, ಮೂಗುತಿ ಬಲಗಡೆ. ಬಾಯಿ ತೆರೆದಳು. ಆ ಗಳಿಗೆಯಲ್ಲಿ ಒಳಗಿದ್ದ ಇಪ್ಪತ್ತು ವರ್ಷದ ಕಿಚ್ಚು ನಾಲಗೆಗೆ ಬಂತು.

"ಅಗಲ ಮೂಗು," ಎಂದಳು. "ನೀವೇ ಅಂದಿದ್ರಿ."

ಒಂದು ಸುಳ್ಳು ಹೊರಗೆ ಬಂದ ಮೇಲೆ ಉಳಿದವಕ್ಕೆ ದಾರಿ ಸಲೀಸಾಯಿತು. ಕೂದಲು? ತೆಳ್ಳಗೆ. ಕೆನ್ನೆ? ಬತ್ತಿದ್ದು. ಬಣ್ಣ? ಇನ್ನೂ ಸ್ವಲ್ಪ ಮಂಕು ಮಾಡಿ ಸಾ. ಚಿಕ್ಕವಳಿದ್ದಾಗ ಕರು ಒದ್ದು ಎಡ ಹುಬ್ಬಿನ ತುದಿಯಲ್ಲಿ ಕೂದಲಿಲ್ಲದ ಒಂದು ಗೆರೆ ಉಳಿದಿತ್ತು. ಆ ಗೆರೆ ಎಂದರೆ ಚಿನ್ನಸ್ವಾಮಿಗೆ ಪ್ರಾಣವಾಗಿತ್ತು. ರತ್ನ ಅದರ ಸುದ್ದಿಯನ್ನೇ ಎತ್ತಲಿಲ್ಲ. ಅವನು ಪ್ರತಿ ಮಾತಿಗೂ ಹೌದಾ ಎಂದು ಅವಳನ್ನು ನೋಡುತ್ತಿದ್ದ, ಹೌದೇ ಇರಬೇಕು ಎಂದು ಪರದೆ ನೋಡುತ್ತಿದ್ದ. ಸಂಜೆಯ ಹೊತ್ತಿಗೆ ನಲವತ್ತರ ಅಂಚಿನ, ಅಗಲ ಮೂಗಿನ, ಸಪ್ಪೆ ಮುಖದ ಹೆಂಗಸೊಬ್ಬಳು ಪರದೆಯ ಮೇಲೆ ತಯಾರಾದಳು. ಗುರುಪ್ರಕಾಶ್ ಅವಳ ಹಿಂದೆ ಒಂದು ನೀಲಿ ಆಕಾಶ ಹಾಕಿದ.

"ಇವಳೇನಾ?" ಎಂದು ಕೇಳಿದ.

"ಇರ್ಬೋದು ಸಾ," ಎಂದ ಚಿನ್ನಸ್ವಾಮಿ.

ರತ್ನ ಬಸ್ಸಿನಲ್ಲಿ ಫ್ರೇಮನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಳು. ತನ್ನ ಸವತಿಯನ್ನು ತಾನೇ ಹೊಲಿದ ಖುಷಿ ಅವಳಿಗಿತ್ತು. ಅದೂ ಅಳತೆ ತಪ್ಪಿಸಿ.

ಮಾರ್ನಮಿಯ ದಿನ ಆ ಫೋಟೊಗೆ ಹಾರ ಬಿತ್ತು. ಎಡೆ ಇಟ್ಟರು. ಚಿನ್ನಸ್ವಾಮಿ ಕೈಮುಗಿದು ಕಣ್ಣು ಮುಚ್ಚಿದ. ರತ್ನ ಅವನ ತುಟಿಯನ್ನೇ ನೋಡುತ್ತಿದ್ದಳು. ನಗು ಬರಲಿಲ್ಲ. ಹುಬ್ಬು ಗಂಟಿಕ್ಕಿತು. ಕಣ್ಣು ತೆರೆದು ಫೋಟೊ ನೋಡಿ ಮತ್ತೆ ಮುಚ್ಚಿದ. ಆಚೆ ಬಂದು ಬಾಗಿಲು ಹಾಕಿಕೊಂಡು ಕೂತಾಗಲೂ ಅವನು ಕಣ್ಣು ಮುಚ್ಚಿ ತೆರೆಯುತ್ತಲೇ ಇದ್ದ. ರತ್ನ ಆ ಹೊತ್ತಿನಲ್ಲಿ ಬಹಳ ಸುಖವಾಗಿದ್ದಳು.

ಆ ಸುಖ ಹೆಚ್ಚು ದಿನ ಬಾಳಲಿಲ್ಲ. ಚಿನ್ನಸ್ವಾಮಿ ಮಿಲ್ಲಿನಲ್ಲಿ ಕೂತ ಕಡೆ ನಿಂತ ಕಡೆ ಕಣ್ಣು ಮುಚ್ಚಲು ಶುರುಮಾಡಿದ. ಮೊದಲಿನ ಹಾಗೆ ಹಾಯಾಗಿ ಅಲ್ಲ; ಕಳೆದ ಬೀಗದ ಕೈ ಹುಡುಕುವವನ ಹಾಗೆ ಮುಖ ಕಿವುಚಿಕೊಂಡು. ಕೋಮಲನ ರಾಗಿಗೆ ಯಾರದೋ ಗೋಧಿ ಬೆರೆಸಿಬಿಟ್ಟ. ಊಟಕ್ಕೆ ಕರೆದರೆ ಬರುವುದಿಲ್ಲ, ಬಂದರೆ ಉಣ್ಣುವುದಿಲ್ಲ. ರತ್ನ ಗದರಿಸಿ ಕೇಳಿದ ದಿನ ತಟ್ಟೆಯ ಮುಂದೆ ಕೂತೇ ಅತ್ತುಬಿಟ್ಟ.

"ಸೋಮಿ ಬತ್ತಿಲ್ಲ ಕಣಮ್ಮಿ. ಕಣ್ ಮುಚ್ಚುದ್ರೆ ಆ ಪಟ ಬತ್ತದೆ. ನೀಲಿ ಆಕಾಶದ ಮುಂದೆ ಯಾರೋ ಒಬ್ಬಳು ಕೂತವಳೆ. ಯಾರವಳು? ನನಗೆ ಗೊತ್ತಿಲ್ದೋಳು."

ಗೆದ್ದೆ ಎಂದು ರತ್ನ ಅಂದುಕೊಳ್ಳಬೇಕಿತ್ತು. ಅಂದುಕೊಂಡಳು ಕೂಡ. ಆದರೆ ಎದುರಿಗೆ ಕೂತು ಅಳುತ್ತಿದ್ದವನು ಹೆಂಡತಿ ಸತ್ತವನ ಹಾಗೆ ಅಳುತ್ತಿದ್ದ. ಸೋಮಮ್ಮ ಸತ್ತಾಗಲೂ ಅವನು ಹೀಗೆ ಅತ್ತಿರಲಿಲ್ಲವಂತೆ, ಬದುಕಿದ್ದಾಗ ಅವನ ತಾಯಿ ಹೇಳುತ್ತಿದ್ದಳು. ಅಳಬೇಕಾಗಿಯೇ ಇರಲಿಲ್ಲ, ಕಣ್ಣು ಮುಚ್ಚಿದರೆ ಅವಳು ಇದ್ದಳಲ್ಲ. ಈಗ ಸತ್ತಳು. ಕೊಂದವಳು ಯಾರು ಎಂದು ರತ್ನನಿಗೆ ಗೊತ್ತಿತ್ತು.

ಒಂದು ಬೆಳಗ್ಗೆ ಮಿಲ್ಲಿಗೆ ಬೀಗ ಹಾಕಿ ಬೆಟ್ಟದ ಬಸ್ಸು ಹತ್ತಿದ. ಬೆಟ್ಟ ದಾಟಿ ಪಾಲಾರ್‌ಗೆ ಹೋದ. ಅಲ್ಲಿ ಸೋಮಮ್ಮನ ತಮ್ಮ ಮಾದೇಶ್ ಇದ್ದ. ಒಡಹುಟ್ಟಿದವನ ಮುಖದಲ್ಲಾದರೂ ಅವಳ ಮುಖದ ಚೂರು ಸಿಗುತ್ತದೆಯೋ ಎಂದು ನೋಡಲು ಹೋದದ್ದು. ಸಂಜೆ ಧೂಳು ಮೆತ್ತಿಕೊಂಡು ಬಂದು ಜಗಲಿಯಲ್ಲಿ ಕುಸಿದ.

"ಮಾದೇಶ ಗುರುತೇ ಸಿಗ್ದಂಗೆ ಆಗೋಗವನೆ ಕಣಮ್ಮಿ. ಗಡ್ಡ ಬಿಟ್ಟವನೆ. ಪಟ ತೋರುಸ್ದೆ. ಅಕ್ಕ ಇಂಗಿರ್ನಿಲ್ಲ ಬಾವ ಅಂದ. ಮತ್ತೆ ಎಂಗಿದ್ಲು ಅಂದ್ರೆ, ನಾನಾಗ ಚಿಕ್ಕವನು, ಗೊತ್ತಿಲ್ಲ ಅಂದ."

ರತ್ನ ಅವನ ಕಾಲಿನ ಧೂಳನ್ನೇ ನೋಡಿದಳು. ತಾನು ಒಂದು ವಾರ ತವರಿಗೆ ಹೋದರೆ ಫೋನು ಕೂಡ ಮಾಡದವನು, ಸತ್ತವಳ ಮೂಗು ಹುಡುಕಿಕೊಂಡು ತಮಿಳುನಾಡಿನ ಗಡಿಯವರೆಗೆ ಹೋಗಿ ಬಂದಿದ್ದಾನೆ. ಮುಂಚೆ ಸೋಮಮ್ಮ ತಲೆಯ ಒಂದು ಮೂಲೆಯಲ್ಲಿ ಬಾಗಿಲಿಗೆ ಒರಗಿಕೊಂಡು ಸುಮ್ಮನೆ ನಿಂತಿದ್ದಳು. ಈಗ ಮಿಲ್ಲಿನಲ್ಲಿ ಅವಳೇ, ತಟ್ಟೆಯಲ್ಲಿ ಅವಳೇ, ಬಸ್ಸಿನಲ್ಲಿ ಅವಳೇ. ಇದ್ದ ಸವತಿಗಿಂತ ಕಳೆದುಹೋದ ಸವತಿ ದೊಡ್ಡವಳು. ಮೊದಲು ಅರ್ಧ ಗಂಡನಾದರೂ ರತ್ನನಿಗೆ ಉಳಿದಿದ್ದ, ಅದೂ ಹೋಯಿತು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗಾಯಿತು ಅವಳ ಬಾಳು.

ಎರಡು ದಿನ ಅವಳು ಮಿಷನ್ ತುಳಿಯಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಮಿಲ್ಲು ನಿಂತು ಊರೆಲ್ಲ ಸದ್ದಡಗಿತು. ರತ್ನ ಎದ್ದು ಒಳಗೆ ಹೋಗಿ ಗೋಡೆಯ ಫೋಟೊ ಇಳಿಸಿದಳು. ಹಾರ ತೆಗೆದು, ಫೋಟೊವನ್ನು ಮಗುಚಿ ಅಕ್ಕಿ ಡಬ್ಬದ ಹಿಂದೆ ತಳ್ಳಿದಳು. ಆಮೇಲೆ ಮಿಲ್ಲಿಗೆ ಹೋಗಿ ಗಂಡನ ಎದುರಿಗೆ ಖಾಲಿ ಮೂಟೆಯ ಮೇಲೆ ಕೂತಳು.

"ಅವಳ ಮೂಗು ಅಗಲ ಇರ್ನಿಲ್ಲ," ಎಂದಳು. "ನಾನೇ ಸುಳ್ಳು ಯೇಳ್ದೆ."

ಚಿನ್ನಸ್ವಾಮಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಯಾಕಮ್ಮಿ? ನಾನೇನ್ ಮಾಡಿದ್ದೆ ನಿನಗೆ?"

"ಹೊಟ್ಟೆ ಉರೀತು. ಅದ್ಕೆ. ಅವಳಿಗೆ ಮುಖ ಇಟ್ಟಿದ್ದೀರ, ನನಗೆ ಬೆನ್ನು ಇಟ್ಟಿದ್ದೀರ."

ಅವನು ಎದ್ದ. ಹೊಡೆಯುತ್ತಾನೆ ಎಂದುಕೊಂಡಳು. ಹೊಡೆದಿದ್ದರೆ ಅವಳಿಗೂ ಹಗುರಾಗುತ್ತಿತ್ತು. ಅವನು ಬಾಗಿಲವರೆಗೆ ಹೋಗಿ, ರಸ್ತೆಯಲ್ಲಿ ಬೆಟ್ಟಕ್ಕೆ ನಡೆದುಹೋಗುತ್ತಿದ್ದ ಪರಸೆಯ ಜನವನ್ನು ನೋಡುತ್ತಾ ನಿಂತ. ಅವರು ದಾಟಿಹೋಗುವ ತನಕ ನಿಂತ. ತಿರುಗಿ ಬಂದು ಕೂತು, ನೆಲ ನೋಡುತ್ತಾ ಹೇಳಿದ. "ನಿಜ ಯಾವ್ದು, ಅದ ಯೇಳು."

"ಕಣ್ ಮುಚ್ಕಳಿ."

ಮುಚ್ಚಿದ. ರತ್ನ ಹೇಳತೊಡಗಿದಳು. ಸಣ್ಣ ಮೂಗು, ತುದಿ ಮೇಲಕ್ಕೆ. ಮೂಗುತಿ ಬಲಗಡೆ. ಎಡ ಹುಬ್ಬಿನ ತುದಿಯಲ್ಲಿ ಕರು ಒದ್ದ ಗೆರೆ. ಬಿಸಿಲಿಗೆ ಬಂದರೆ ಒಂದೇ ಕಣ್ಣು ಕಿರಿದಾಗುತ್ತಿತ್ತು. ಮೇಲಿನ ಹಲ್ಲೊಂದು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿತ್ತು, ಅದಕ್ಕೇ ನಗುವಾಗ ಸೆರಗು ಬಾಯಿಗೆ. ಹೇಳುತ್ತಿದ್ದವಳಿಗೆ ಏನೂ ಕಾಣುತ್ತಿರಲಿಲ್ಲ. ಬರೀ ಮಾತು, ಒಂದರ ಹಿಂದೆ ಒಂದು. ಕೇಳುತ್ತಿದ್ದವನ ಮುಖದ ಗಂಟು ಮಾತ್ರ ಸಡಿಲವಾಗುತ್ತಾ ಬಂತು.

"ನೀಲಿ ಆಕಾಶ ಓಯ್ತು," ಎಂದ ಅವನು. "ಚೌಕಟ್ಟು ಬಂತು."

"ಒರಗಿ ನಿಂತವಳಾ?"

"ಕಾಲು ಕಾಣ್ತದೆ... ಮಡಚ್ಕಂಡವಳೆ. ಸೆರಗು... ಹಾಂ. ಹಾಂ ಕಣಮ್ಮಿ. ಬಂದ್ಲು."

ಬಂದಳು. ರತ್ನನೇ ಕೈಹಿಡಿದು ಕರೆತಂದು ಒಳಗೆ ಬಿಟ್ಟಳು ಎನ್ನಬೇಕು. ಗಂಡನ ಮುಚ್ಚಿದ ಕಣ್ಣಿನ ಸಂದಿಯಿಂದ ನೀರು ಇಳಿದು ಕೆನ್ನೆಯ ಹಿಟ್ಟಿನಲ್ಲಿ ಗೆರೆ ಬಿದ್ದಿತು. ಇಷ್ಟು ಹತ್ತಿರ ಕೂತು ಅವನು ಇನ್ನೊಬ್ಬಳನ್ನು ನೋಡುತ್ತಿದ್ದಾನೆ. ಮಾತು ನಿಲ್ಲಿಸಿದಳು.

"ನಿಲ್ಲುಸ್ಬ್ಯಾಡ," ಎಂದ ಅವನು ಗಾಬರಿಯಾಗಿ. "ನೀನು ನಿಲ್ಲುಸುದ್ರೆ ಓಯ್ತದೆ. ಏನಾರ ಯೇಳ್ತಿರು."

ಸುಮ್ಮನೆ ಕೂತರೆ ಸಾಕಿತ್ತು, ಸವತಿ ತಾನಾಗಿ ಹೋಗುತ್ತಿದ್ದಳು. ರತ್ನ ಸುಮ್ಮನೆ ಕೂರಲಿಲ್ಲ. ನಿಂಬೆಹಣ್ಣು ಹೇಳಿದಳು, ಕಲ್ಲುಪ್ಪು ಹೇಳಿದಳು. ಹೇಳುತ್ತಾ ಹೇಳುತ್ತಾ ಸೋಮಮ್ಮ ಮುಗಿದುಹೋದಳು. ಎರಡು ವರ್ಷ ತುಂಬದ ಸಂಸಾರ, ಎಷ್ಟೆಂದು ಹೇಳುವುದು? ಇಪ್ಪತ್ತು ವರ್ಷ ತನ್ನನ್ನು ಸುಟ್ಟವಳು ಇಷ್ಟೇ ಇಷ್ಟಿದ್ದಳು ಎಂದು ರತ್ನನಿಗೆ ಆಗಲೇ ತಿಳಿದದ್ದು. ಕಣ್ಣು ಮುಚ್ಚಿ ಕಾಯುತ್ತಿದ್ದವನಿಗೆ ಏನಾದರೂ ಹೇಳಲೇಬೇಕಾಗಿತ್ತು. ಅವಳ ಹತ್ತಿರ ಉಳಿದಿದ್ದದ್ದು ಅವಳದೇ ಮಾತು. ಅದನ್ನು ಯಾವತ್ತೂ ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

"ನಾನು ಚಿಕ್ಕೋಳಿದ್ದಾಗ," ಎಂದು ಶುರುಮಾಡಿದಳು, "ಯಳಂದೂರಲ್ಲಿ ನಮ್ಮಪ್ಪ ರಿಪೇರಿಗೆ ಬಂದ ಸೈಕಲ್ಲ ನೋಡಕೆ ಅಂತ ನನ್ನ ಮುಂದೆ ಬಾರ್ ಮೇಲೆ ಕೂರುಸ್ಕಂಡು ಒಳೆ ತನಕ ಓಯ್ತಿತ್ತು. ಇಳಿಜಾರಲ್ಲಿ ಬ್ರೇಕ್ ಹಿಡೀತಿರ್ನಿಲ್ಲ. ಒಂದಿನ ನನ್ನ ಒಂದು ಚಪ್ಪಲಿ ಬಿದ್ದೋಯ್ತು. ಅಪ್ಪಂಗೆ ಯೇಳ್ನಿಲ್ಲ. ಯೇಳುದ್ರೆ ಸೈಕಲ್ ನಿಲ್ಲುಸ್ತದಲ್ಲ. ಬರಿಗಾಲ ಗಾಳಿಗೆ ಒಡ್ಡ್ಕಂಡು, ಲಂಗ ಚಕ್ರಕ್ಕೆ ಸಿಗ್ದಂಗೆ ಮುದುರಿ ಹಿಡ್ಕಂಡು, ಒಳೆ ಬರೋಗಂಟ ನಗ್ತಿದ್ದೆ."

ಚಿನ್ನಸ್ವಾಮಿ ಕಣ್ಣು ತೆರೆಯಲಿಲ್ಲ. ಕೇಳುತ್ತಿದ್ದಾನೋ, ಚೌಕಟ್ಟಿಗೆ ಒರಗಿದವಳನ್ನೇ ನೋಡುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಆಮೇಲೆ ಅವನ ಹುಬ್ಬು ಕೊಂಚ ಏರಿತು.

"ಲಂಗ ಯಾವ ಬಣ್ಣದ್ದು?" ಎಂದ.

ರತ್ನ ತಲೆ ಎತ್ತಿ ಅವನ ಮುಚ್ಚಿದ ಕಣ್ಣುಗಳನ್ನು ನೋಡಿದಳು. "ಕೆಂಪು."

"ಎಂಥ ಕೆಂಪು? ಮೆಣಸಿನಕಾಯಿ ಕೆಂಪಾ, ಕುಂಕುಮದ ಕೆಂಪಾ?"

ಅವಳಿಗೆ ಗೊತ್ತಿರಲಿಲ್ಲ. ಕೆಂಪು ಎಂಬ ಮಾತೊಂದೇ ಅವಳಲ್ಲಿತ್ತು, ಅದರ ಹಿಂದೆ ಕತ್ತಲೆ. ಅವಳು ಮೂಟೆಯ ಮೇಲಿಂದ ಜರುಗಿ ಗಂಡನ ಮೊಣಕಾಲಿನ ಹತ್ತಿರ ಬಂದು ಕೂತಳು.

"ನನಗೆ ಕಾಣಕಿಲ್ಲ ಕಣ್ರಿ," ಎಂದಳು. "ನೀವೇ ನೋಡಿ ಯೇಳಿ."